ಒಂದು ನಮೋ ಮರಿಯಾ ಹೊತ್ತು

ಲಗೂನಾ ಪೊರಾ, ಚಾಕೊ
೯ ಜನವರಿ ೧೯೯೧

ಪ್ರೀತಿಯ ಅಕ್ಕ ಪೆತ್ರೋನಾ,

ನೀನು ನಗುತ್ತೀಯ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ನನ್ನ ಮನೆಯ ಹಿಂದೆ ಒಂದು ತತಾಕುವಾ ಒಲೆ ಎದ್ದು ನಿಂತಿದೆ. ಬ್ರಿಹಿದೋ ತಾನೇ ಕಟ್ಟಿದ. ಇಟ್ಟಿಗೆ ಹಳೇ ಕೊಟ್ಟಿಗೆಯದು, ಮಣ್ಣು ಹುತ್ತದ್ದು. ಅಮ್ಮನ ಒಲೆಯ ಗುಮ್ಮಟದಷ್ಟು ಗುಂಡಗೆ ಬಂದಿಲ್ಲ. ಒಂದು ಪಕ್ಕ ಹಲ್ಲುನೋವಿನವರ ಕೆನ್ನೆಯ ಹಾಗೆ ಊದಿಕೊಂಡಿದೆ. ಆದರೂ ಒಲೆ ಒಲೆಯೇ.

ತೊಂದರೆ ಏನೆಂದರೆ ನನಗೆ ಅದನ್ನು ಕಾಯಿಸಲು ಬರುವುದಿಲ್ಲ. ನಿನಗಿಂತ ಹದಿನೇಳು ವರ್ಷ ಚಿಕ್ಕವಳು ಅಂತ ಅಮ್ಮ ನನಗೆ ಚೀಸ್ ಪುಡಿ ಮಾಡುವುದು, ಸೋಂಪು ಆರಿಸುವುದು, ಇಷ್ಟೇ ಕೆಲಸ ಕೊಡುತ್ತಿದ್ದಳು. ಒಲೆಯ ಬಾಯಿ ಹತ್ತಿರ ಹೋದರೆ ಆಚೆ ಹೋಗು, ಜಡೆ ಸುಟ್ಟುಕೊಂಡೀಯ ಅನ್ನುತ್ತಿದ್ದಳು. ಅಲ್ಲಿ ಅವಳ ಪಕ್ಕ ನಿಲ್ಲುತ್ತಿದ್ದವಳು ನೀನು. ಚೀಪಾ ರೊಟ್ಟಿಯ ಹಿಟ್ಟು ಕಲಸುವುದು ನನಗೆ ಬರುತ್ತದೆ: ಮರಗೆಣಸಿನ ಹಿಟ್ಟು, ಚೀಸ್, ಮೊಟ್ಟೆ, ಹಂದಿ ಕೊಬ್ಬು, ಹಾಲು, ಉಪ್ಪು, ಸೋಂಪು. ಆಮೇಲಿನದು ಏನೂ ಗೊತ್ತಿಲ್ಲ.

ಅಮ್ಮ ಹೋದ ಮೇಲೆ ಬಂದ ಮೊದಲ ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಬಸ್ಸಿನಲ್ಲಿ ಮಾರುವ ಚೀಪಾ ಕೊಂಡು ತಿಂದು ಅತ್ತಿದ್ದೆ. ಈ ವರ್ಷ ಆ ವಾರದ ಬುಧವಾರ ನನ್ನ ಕೈಯಲ್ಲೇ ಮಾಡುತ್ತೇನೆ ಅಂತ ಇಲ್ಲಿಯ ಹೆಂಗಸರಿಗೆ ಹೇಳಿಬಿಟ್ಟಿದ್ದೇನೆ. ಮರ್ಯಾದೆ ಉಳಿಸುವುದು ನಿನ್ನ ಕೈಲಿದೆ.

ದಮಿಯಾನಾಗೆ ಐದು ತಿಂಗಳು ತುಂಬಿತು. ಮೂಗು ಥೇಟ್ ಅಮ್ಮನದು. ಜ್ಞಾನಸ್ನಾನ ಯಾವಾಗ ಅಂತ ನೀನು ಕೇಳಿದ್ದೆ. ಪಾದ್ರಿ ಈ ಕಡೆ ಬಂದು ಬಹಳ ದಿನವಾಯಿತು, ಮಳೆಗೆ ರಸ್ತೆಯೂ ಕೆಟ್ಟಿದೆ. ನೋಡೋಣ.

ನಿನ್ನ ತಂಗಿ
ನಿಮಿಯಾ


ಕಾಸಪಾ
೨೦ ಜನವರಿ ೧೯೯೧

ನಿಮಿಯಾ,

ನಕ್ಕೆ. ಜೋರಾಗಿಯೇ ನಕ್ಕೆ. ನಿನ್ನ ಗಂಡನಿಗೆ ಕುಡಿಯುವುದು ಬಿಟ್ಟು ಬೇರೆ ಕೆಲಸವೂ ಬರುತ್ತದೆ ಅಂತ ಇವತ್ತು ಗೊತ್ತಾಯಿತು. ಆಯಿತು, ಈಗ ಬಾಯಿ ಮುಚ್ಚಿಕೊಂಡು ಓದು, ಎರಡು ಸಲ ಓದು.

ಹೊಸ ಒಲೆಗೆ ಒಮ್ಮೆಲೇ ಬೆಂಕಿ ತುಂಬಬೇಡ, ಬಿರುಕು ಬಿಡುತ್ತದೆ. ಮೂರು ದಿನ ಸಣ್ಣ ಪುಳ್ಳೆ ಉರಿಸಿ ಅದರ ಹಸಿ ಆರಿಸು. ನಾಲ್ಕನೇ ದಿನ ಒಣ ಸೌದೆ ಹಾಕು. ಮೊದಲು ಗುಮ್ಮಟದ ಒಳಗಿನ ಮಾಡು ಮಸಿ ಹಿಡಿದು ಕಪ್ಪಾಗುತ್ತದೆ. ಹೆದರಬೇಡ. ಉರಿಸುತ್ತಲೇ ಇರು. ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಒಲೆಯ ಹೊಟ್ಟೆ ತುಂಬಿತು ಅಂತ. ಆಗ ಕೆಂಡವನ್ನೆಲ್ಲ ಹೊರಗೆ ಎಳೆದು, ಹಸಿ ಸೊಪ್ಪಿನ ಪೊರಕೆಯನ್ನು ನೀರಿಗದ್ದಿ ನೆಲ ಗುಡಿಸು. ಪೊರಕೆ ಚುರ್ ಅನ್ನಬೇಕು.

ಇಷ್ಟಾದ ತಕ್ಷಣ ಚೀಪಾ ಹಾಕಿದರೆ ಇದ್ದಿಲಾಗುತ್ತದೆ. ಅಮ್ಮ ಮಾಡುತ್ತಿದ್ದುದನ್ನು ಮಾಡು. ತೋಳನ್ನು ಮೊಣಕೈವರೆಗೆ ಒಳಗಿಟ್ಟು, ಎಲ್ಲೂ ತಗಲಿಸದೆ, ಪ್ರಾರ್ಥನೆ ಹೇಳಬೇಕು, ಒಂದೇ ಒಂದು ನಮೋ ಮರಿಯಾ, ಅಮ್ಮನ ಹಾಗೆ ಉಸಿರು ಬಿಡದೆ. ಆಮೆನ್‌ಗೆ ಮೊದಲೇ ಕೈ ಎಳೆದುಕೊಂಡರೆ ಒಲೆ ಇನ್ನೂ ಸಿಟ್ಟಿನಲ್ಲಿದೆ, ಸ್ವಲ್ಪ ಕಾಯಿ. ಆಮೆನ್ ಮುಗಿದು ಇನ್ನೊಂದು ಶುರು ಮಾಡುವಷ್ಟು ತಾಳಿಕೊಂಡರೆ ಒಲೆ ಆರಿದೆ, ಮತ್ತೆ ಸೌದೆ ಹಾಕು. ಆಮೆನ್‌ಗೆ ಸರಿಯಾಗಿ ಕೈ ತಾನಾಗಿ ಹೊರಗೆ ಬರಬೇಕು.

ಬಾಳೆ ಎಲೆಯ ಮೇಲೆ ಚೀಪಾ ಇಟ್ಟು ಒಳಗೆ ತಳ್ಳು. ಬಾಯಿಗೆ ಹಲಗೆ, ಹಲಗೆಯ ಮೇಲೆ ಒದ್ದೆ ಗೋಣಿ, ಹಿಂದಿನ ಹೊಗೆ ತೂತಿಗೆ ಒದ್ದೆ ಬಟ್ಟೆಯ ಉಂಡೆ. ಆಮೇಲೆ ಇಣುಕಬೇಡ. ಹೊಸಬರು ಕೆಡಿಸುವುದೇ ಇಣುಕಿ. ಮೊದಲು ಸೋಂಪಿನ ವಾಸನೆ ಬರುತ್ತದೆ, ಆಮೇಲೆ ಚೀಸಿನದು. ಚೀಸಿನ ವಾಸನೆ ಸೋಂಪನ್ನು ನುಂಗಿದಾಗ ತೆಗೆ. ತಳಕ್ಕೆ ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು ಬರಬೇಕು.

ಮಗುವಿನ ಜ್ಞಾನಸ್ನಾನದ ನಿಲುವಂಗಿಗೆ ಕತ್ತಿನ ಕಸೂತಿ ಮುಗಿಸಿದೆ. ತೋಳು ಬಾಕಿ. ಪಾದ್ರಿ ಬರದಿದ್ದರೆ ಮಗುವನ್ನೇ ಇಲ್ಲಿಗೆ ತಾ, ಇಲ್ಲಿಯ ಚರ್ಚಿನ ನೀರೇನೂ ಬತ್ತಿಲ್ಲ. ನಲವತ್ತಾರು ವರ್ಷಕ್ಕೆ, ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಳ್ಳುವ ಜ್ಞಾನತಾಯಿ ಆಗುತ್ತಿದ್ದೇನೆ, ಇನ್ನೂ ಕಾಯಿಸಬೇಡ.

ಪೆತ್ರೋನಾ


ಲಗೂನಾ ಪೊರಾ
೩ ಫೆಬ್ರುವರಿ ೧೯೯೧

ಅಕ್ಕ,

ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿದ ಮೂರು ಚೀಪಾ ಇವೆ. ಬಸ್ಸಿನವನು ಜೋಪಾನವಾಗಿ ತಲುಪಿಸುತ್ತೇನೆ ಅಂದಿದ್ದಾನೆ. ತಿನ್ನುವುದಕ್ಕಲ್ಲ, ನೋಡುವುದಕ್ಕೆ. ಬರೆದು ಹೇಳುವುದಕ್ಕಿಂತ ಅವನ್ನೇ ಕಳಿಸುವುದು ಸುಲಭ ಅನ್ನಿಸಿತು.

ಎಲ್ಲ ನೀನು ಹೇಳಿದ ಹಾಗೆಯೇ ಮಾಡಿದೆ. ಮೂರು ದಿನ ಪುಳ್ಳೆ ಉರಿಸಿದೆ. ಮಾಡು ಕಪ್ಪಾಯಿತು, ಆಮೇಲೆ ಬೆಳ್ಳಗಾಯಿತು. ಅದನ್ನು ನೋಡಿ ನಾನೂ ಬ್ರಿಹಿದೋನೂ ಮಕ್ಕಳ ಹಾಗೆ ಕುಣಿದೆವು. ಪೊರಕೆ ಚುರ್ ಅಂತು. ಕೈ ಇಟ್ಟು, ಪ್ರಾರ್ಥನೆ ಪೂರ್ತಿ ಮುಗಿಯುವವರೆಗೆ ತಾಳುವ ಹಾಗಾದ ಮೇಲೆಯೇ ಹಾಕಿದೆ. ಇಣುಕಲಿಲ್ಲ, ಆಣೆ. ಆದರೂ ಮೇಲೇಳಲಿಲ್ಲ, ಬಣ್ಣ ಬರಲಿಲ್ಲ, ಕೊಬ್ಬು ಎಲೆಯ ಮೇಲೆ ಹರಿದು ನಿಂತಿತ್ತು.

ದಿನವಿಡೀ ಮಗುವನ್ನು ನೋಡಿಕೊಂಡವಳು ಬ್ರಿಹಿದೋನ ಅಕ್ಕ ಕಸಿಲ್ದಾ. ಪಕ್ಕದ ಮನೆಯಲ್ಲೇ ಇದ್ದಾಳೆ. ಮಗು ಅವಳ ಸೊಂಟ ಬಿಟ್ಟು ಇಳಿಯುವುದೇ ಇಲ್ಲ. ಭಾನುವಾರ ನಾವೆಲ್ಲ ಒಟ್ಟಿಗೆ ಹೊರಗೆ ಹೋದಾಗಲೂ ಅವಳೇ ಎತ್ತಿಕೊಳ್ಳುತ್ತಾಳೆ.

ಪ್ರಯಾಣದ ಮಾತು, ಅಕ್ಕ, ಇಷ್ಟು ಸಣ್ಣ ಮಗು, ಎರಡು ಬಸ್ಸು. ಅವಸರ ಬೇಡ.

ನಿಮಿಯಾ


ಕಾಸಪಾ
೧೪ ಫೆಬ್ರುವರಿ ೧೯೯೧

ನಿಮಿಯಾ,

ನಿನ್ನ ಚೀಪಾ ಬಂದವು. ಜ್ವರದಿಂದ ಎದ್ದವರ ಮುಖದ ಹಾಗಿವೆ. ಒಂದನ್ನು ಮುರಿದು ನೋಡಿದೆ. ಒಳಗೆ ಅಂಟು, ತಳ ಬೆವರಿದೆ. ಇನ್ನೊಂದನ್ನು ಕೋಳಿಗೆ ಹಾಕಿದೆ, ಕೋಳಿಯೂ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಮೂರನೆಯದನ್ನು ಅಮ್ಮನ ಪಟದ ಹತ್ತಿರ ಇಟ್ಟಿದ್ದೇನೆ, ಅವಳಾದರೂ ಏನಾದರೂ ಹೇಳಲಿ ಅಂತ.

ಹಿಟ್ಟಿನಲ್ಲಿ ತಪ್ಪಿಲ್ಲ, ರುಚಿ ನಮ್ಮ ಮನೆಯದೇ. ಒಲೆ ತಣ್ಣಗಿತ್ತು. ಬಿಸಿ ಒಲೆ ಚೀಪಾವನ್ನು ಕಂಡ ಕೂಡಲೇ ಮೇಲಿನ ಪದರವನ್ನು ಹಿಡಿದು ನಿಲ್ಲಿಸುತ್ತದೆ. ತಣ್ಣನೆಯ ಒಲೆಯಲ್ಲಿ ಅದು ಕಾಯುತ್ತಾ ಕಾಯುತ್ತಾ ಕರಗಿ ಮಲಗಿಬಿಡುತ್ತದೆ. ಹಿಂದಿನ ತೂತು ಮುಚ್ಚಲು ಮರೆತೆಯಾ? ಸೌದೆ ಮೆತ್ತಗಿನದಾ? ಕೆಂಡ ಎಳೆದ ಮೇಲೆ ಹರಟೆಗೆ ನಿಂತೆಯಾ?

ಇನ್ನೊಂದು ಮಾತು. ಭಾನುವಾರ ಎಲ್ಲರೂ ಒಟ್ಟಿಗೆ ಎಲ್ಲಿಗೆ ಹೋಗುತ್ತೀರಿ? ಪಾದ್ರಿ ಬರುವುದಿಲ್ಲ ಅಂದಿದ್ದೆ. ಈಗ ಮಗುವನ್ನು ಕಸಿಲ್ದಾ ಎತ್ತಿಕೊಂಡು ಹೋಗುತ್ತಾಳೆ ಅನ್ನುತ್ತೀಯ. ಜ್ಞಾನತಾಯಿ ಸ್ಥಾನ ಅವಳಿಗೆ ಕೊಟ್ಟಿದ್ದರೆ ನೇರವಾಗಿ ಹೇಳು. ಹತ್ತಿರದಲ್ಲಿದ್ದಾಳೆ, ಮಕ್ಕಳನ್ನು ಸಾಕಿ ಗೊತ್ತಿದೆ, ನಾನು ಸೂಜಿ ಹಿಡಿದು ಕೂತ ಒಂಟಿ ಹೆಂಗಸು. ಅರ್ಥವಾಗುತ್ತದೆ. ತೋಳಿನ ಕಸೂತಿ ಅರ್ಧಕ್ಕೆ ನಿಲ್ಲಿಸಿದ್ದೇನೆ.

ಪೆತ್ರೋನಾ


ಲಗೂನಾ ಪೊರಾ
೨೫ ಫೆಬ್ರುವರಿ ೧೯೯೧

ಅಕ್ಕ,

ಸೌದೆ ಕೆಬ್ರಾಚೊ ಮರದ್ದು, ಕೊಡಲಿಯೇ ಮುರಿಯುವಂಥದ್ದು. ಅದರ ಕೆಂಡ ಮರುದಿನ ಬೆಳಿಗ್ಗೆಯೂ ಜೀವಂತ ಇರುತ್ತದೆ. ತೂತು ಮುಚ್ಚಿದ್ದೆ. ಹರಟೆಗೆ ನಿಲ್ಲಲಿಲ್ಲ. ಶನಿವಾರ ಮತ್ತೆ ಮಾಡಿದೆ, ಮತ್ತೆ ಹಾಗೆಯೇ ಆಯಿತು. ಬ್ರಿಹಿದೋ ಆರು ತಿಂದು ಚೆನ್ನಾಗಿದೆ ಅಂದ. ಅವನು ಹಾಗೆ ಅಂದದ್ದಕ್ಕೇ ನನಗೆ ಅಳು ಬಂತು. ಕಸಿಲ್ದಾ ಮಾತ್ರ ಒಂದು ತುಂಡು ಬಾಯಲ್ಲಿಟ್ಟು, ಪವಿತ್ರ ವಾರಕ್ಕೆ ನಾನೇ ಬೇಕಿದ್ದರೆ ಮಾಡಿಕೊಡುತ್ತೇನೆ ಅಂದಳು.

ತೋಳಿನ ಕಸೂತಿ ನಿಲ್ಲಿಸಬೇಡ ಅಕ್ಕ. ನೀನು ಅಂದುಕೊಂಡ ಹಾಗೆ ಏನೂ ಇಲ್ಲ. ನೀನು ಇಲ್ಲಿಗೆ ಬಂದಾಗ ಎಲ್ಲ ಹೇಳುತ್ತೇನೆ, ಕಾಗದದಲ್ಲಿ ಆಗುವುದಿಲ್ಲ.

ನಿಮಿಯಾ


ಕಾಸಪಾ
೪ ಮಾರ್ಚ್ ೧೯೯೧

ನಿಮಿಯಾ,

ಕಾಗದದಲ್ಲಿ ಆಗದ ಮಾತು ಯಾವುದು ಅಂತ ನನಗೆ ಗೊತ್ತು. ಬಿಡು, ಒಲೆಯ ವಿಷಯ ಮಾತ್ರ ಮಾತಾಡೋಣ.

ಶಾಲೆಯ ಟೀಚರ್ ಗಡಿಯಾರ ತಂದು ನನ್ನ ಪಕ್ಕ ನಿಂತಳು. ಅಮ್ಮನ ವೇಗದಲ್ಲಿ ನಮೋ ಮರಿಯಾ ಹೇಳಿದರೆ ಹತ್ತು ಸೆಕೆಂಡ್. ಮೂರು ಸಲ ನೋಡಿದೆವು, ಮೂರು ಸಲವೂ ಹತ್ತೇ. ನಿನ್ನ ಪ್ರಾರ್ಥನೆಗೆ ಎಷ್ಟು ಹಿಡಿಯುತ್ತದೆ ಅಂತ ಗಡಿಯಾರ ನೋಡಿ ಬರೆ. ಬೇರೆ ಏನೂ ಬರೆಯಬೇಕಾಗಿಲ್ಲ.

ಪೆತ್ರೋನಾ


ಲಗೂನಾ ಪೊರಾ
೯ ಮಾರ್ಚ್ ೧೯೯೧

ಅಕ್ಕ,

ಇಪ್ಪತ್ತೆರಡು ಸೆಕೆಂಡ್.

ಯಾಕೆಂದರೆ ನಾನು ಹೇಳಿದ್ದು ನಮೋ ಮರಿಯಾ ಅಲ್ಲ, ಪರಲೋಕದ ತಂದೆಯ ಪ್ರಾರ್ಥನೆ. ಅದನ್ನೂ ನಿಧಾನವಾಗಿ, ಇಲ್ಲಿ ಹೇಳುವ ಹಾಗೆ. ಅದು ಪೂರ್ತಿ ಮುಗಿಯುವವರೆಗೆ ಕೈ ತಾಳಬೇಕು ಅಂತ ಕಾದೆ, ಅಷ್ಟರಲ್ಲಿ ಒಲೆ ಆರಿಹೋಗಿತ್ತು. ಅಕ್ಕ, ನಾನು ಈಗ ಮರಿಯಾ ಪ್ರಾರ್ಥನೆ ಹೇಳುವುದಿಲ್ಲ. ಹತ್ತು ತಿಂಗಳಿಂದ ನಾವು ಇಲ್ಲಿಯ ಸುವಾರ್ತೆಯವರ ಸಭೆಗೆ ಹೋಗುತ್ತಿದ್ದೇವೆ. ಭಾನುವಾರ ಹೋಗುವುದು ಅಲ್ಲಿಗೇ. ಅಲ್ಲಿಯವರು ಮರಿಯಮ್ಮನಿಗೆ ಪ್ರಾರ್ಥನೆ ಮಾಡುವುದಿಲ್ಲ.

ನಿನಗೆ ಬ್ರಿಹಿದೋನ ಕುಡಿತ ಗೊತ್ತು, ಆದರೆ ಪೂರ್ತಿ ಗೊತ್ತಿಲ್ಲ. ನಾನು ಹೇಳಿರಲಿಲ್ಲ. ನೀನು ಮದುವೆಗೆ ಮೊದಲೇ ಬೇಡ ಅಂದಿದ್ದೆಯಲ್ಲ, ನೋಡು ನಾನು ಹೇಳಲಿಲ್ಲವಾ ಅನ್ನಿಸಿಕೊಳ್ಳಲು ಆಗಲಿಲ್ಲ. ನಾನು ಬಸುರಿಯಾಗಿದ್ದಾಗ ಒಂದು ಸಲ ಸಂಬಳದ ದಿನ ಹೋದವನು ನಾಲ್ಕು ದಿನ ಮನೆಗೆ ಬರಲಿಲ್ಲ. ಕಸಿಲ್ದಾ ಅವನನ್ನು ಹುಡುಕಿ, ಕುತ್ತಿಗೆಪಟ್ಟಿ ಹಿಡಿದು ನೇರವಾಗಿ ಸಭೆಗೆ ಕರೆದುಕೊಂಡು ಹೋದಳು. ಅಂದಿನಿಂದ ಒಂದು ಹನಿ ಮುಟ್ಟಿಲ್ಲ. ಹಿಂದೆ ಕುಡಿಯುತ್ತಾ ಕೂರುತ್ತಿದ್ದ ಸಂಜೆಯ ಹೊತ್ತಿನಲ್ಲೇ ಈಗ ಆ ಒಲೆ ಕಟ್ಟಿದ. ಅವನ ಜೊತೆ ನಾನೂ ಹೋದೆ. ಮೊದಲು ಅವನಿಗೋಸ್ಕರ, ಆಮೇಲೆ ನನಗೋಸ್ಕರವೇ.

ಇಲ್ಲಿ ಹಸುಗೂಸಿಗೆ ಜ್ಞಾನಸ್ನಾನ ಕೊಡುವುದಿಲ್ಲ. ದೊಡ್ಡವರಾಗಿ ತಾವೇ ಕೇಳಿದಾಗ ಕೊಡುತ್ತಾರೆ. ಆದ್ದರಿಂದ ಜ್ಞಾನತಾಯಿಯೂ ಇರುವುದಿಲ್ಲ. ನೀನು ಒಂದೊಂದೇ ಹೂವು ಕಸೂತಿ ಹಾಕುತ್ತಿದ್ದೀಯ ಅಂತ ಗೊತ್ತಿದ್ದೂ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅಮ್ಮನ ಮಗಳು ಅಮ್ಮನ ಪ್ರಾರ್ಥನೆ ಬಿಟ್ಟಳು ಅಂತ ನೀನು ನನ್ನ ಮುಖ ನೋಡದಿದ್ದರೆ ಅದಕ್ಕೆ ನಾನೇ ಕಾರಣ. ಆದರೆ ನನಗೆ ಇರುವುದು ನೀನೊಬ್ಬಳೇ.

ನಿಮಿಯಾ


ಲಗೂನಾ ಪೊರಾ
೨೧ ಮಾರ್ಚ್ ೧೯೯೧

ಅಕ್ಕ,

ಹದಿನಾರನೇ ತಾರೀಕು ಬಸ್ಸು ಬಂತು, ನಿನ್ನ ಕಾಗದ ಬರಲಿಲ್ಲ. ಅವತ್ತೇ ಮಳೆ ಹಿಡಿಯಿತು. ರಸ್ತೆ ಮುಚ್ಚಿದ್ದಾರೆ, ಅದಕ್ಕೇ ತಡ ಅಂತ ಬ್ರಿಹಿದೋ ಹೇಳುತ್ತಾನೆ. ನನ್ನ ಸಮಾಧಾನಕ್ಕೆ ಹೇಳುತ್ತಾನೆ ಅನ್ನಿಸುತ್ತದೆ. ಈ ಕಾಗದ ಯಾವಾಗ ಹೊರಡುತ್ತದೋ ತಿಳಿಯದು.

ಉತ್ತರ ಬರೆಯಲೇಬೇಕು ಅಂತಿಲ್ಲ. ಬುಧವಾರದ ಚೀಪಾ ಕಸಿಲ್ದಾನೇ ಮಾಡಲಿ ಅಂತ ಹೇಳಿಬಿಟ್ಟೆ. ನಿಲುವಂಗಿಯನ್ನು ಬೇರೆ ಯಾವ ಮಗುವಿಗಾದರೂ ಕೊಡು. ಕೊಡುವ ಮೊದಲು ಹೇಗಿತ್ತು ಅಂತ ಒಂದು ಸಾಲು ಬರೆದರೆ ಸಾಕು.

ನಿಮಿಯಾ


ಕಾಸಪಾ
೧೫ ಮಾರ್ಚ್ ೧೯೯೧

ನನ್ನ ಪೆದ್ದು ತಂಗಿ,

ಅಷ್ಟೇನಾ?

ನಿನ್ನ ಕಾಗದ ಓದಿ ಅಂಗಳದ ಒರಳಿನ ಮೇಲೆ ಕೂತುಬಿಟ್ಟೆ. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಸಿಲ್ದಾ ಇಳಿದು ಹೋದಳು. ಮಗುವನ್ನು ಅವಳಿಗೆ ಕೊಟ್ಟಿದ್ದೀಯ, ಹೇಳಲು ನಾಚಿಕೊಂಡು ಪಾದ್ರಿ, ಮಳೆ, ರಸ್ತೆ ಅಂತ ಕಥೆ ಕಟ್ಟುತ್ತಿದ್ದೀಯ ಅಂದುಕೊಂಡಿದ್ದೆ. ಆ ಹೆಂಗಸಿನ ಮುಖವನ್ನೇ ನೋಡಿಲ್ಲ, ಆದರೂ ಎಷ್ಟು ಬೈದುಕೊಂಡಿದ್ದೇನೆ ಅಂದರೆ ಪಾಪನಿವೇದನೆಯಲ್ಲಿ ಪಾದ್ರಿಗೆ ಎರಡು ಸಲ ಹೇಳಬೇಕಾಯಿತು. ಈಗ ಅವಳಿಗೆ ನನ್ನ ನಮಸ್ಕಾರ ಹೇಳು. ಕುತ್ತಿಗೆಪಟ್ಟಿ ಹಿಡಿದು ಎಳೆದುಕೊಂಡು ಹೋದ ಕೈಗೆ ಇನ್ನೊಂದು ನಮಸ್ಕಾರ.

ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆಯಿತು. ಮಗುವಿನ ತಲೆಗೆ ನೀರು ಬೀಳುವುದನ್ನು ನೋಡಬೇಕು ಅಂತ ಆಸೆ ಇತ್ತು. ಅಮ್ಮ ಇದ್ದಿದ್ದರೆ ಮೂರು ದಿನ ನಿನ್ನ ಜೊತೆ ಮಾತು ಬಿಡುತ್ತಿದ್ದಳು. ನಾಲ್ಕನೇ ದಿನ ಬ್ರಿಹಿದೋ ಕುಡಿಯುತ್ತಿಲ್ಲ ಅನ್ನುವುದನ್ನು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾನು ಮೂರು ದಿನ ಕಾದೆ, ಇವತ್ತು ನಾಲ್ಕನೆಯದು. ನೋಡು ನಾನು ಹೇಳಲಿಲ್ಲವಾ ಅನ್ನುವುದಿಲ್ಲ. ಆ ನಾಲ್ಕು ದಿನ ಬಸುರಿ ನೀನು ಒಬ್ಬಳೇ ಇದ್ದೆ, ನನಗೆ ಹೇಳಲು ಹೆದರಿದೆ. ಅದೇ ನನಗೆ ಹೆಚ್ಚು ನೋವು ಕೊಟ್ಟದ್ದು. ತಪ್ಪು ನಾಲಿಗೆ ಹರಿತ ಇರುವ ನನ್ನದು.

ಈಗ ಒಲೆ. ಹತ್ತು ಸೆಕೆಂಡ್ ಬೇಕು, ಗಡಿಯಾರ ಇಟ್ಟುಕೊಂಡು ಯಾರೂ ಚೀಪಾ ಸುಡುವುದಿಲ್ಲ, ಮರಿಯಾ ನಿನ್ನ ಬಾಯಲ್ಲಿ ಬರುವುದಿಲ್ಲ. ಟೀಚರ್‌ನ ಮತ್ತೆ ಕರೆದೆ. ಲೆಕ್ಕದ ಮಗ್ಗಿ ಹೇಳಿ ನೋಡಿದೆ, ಏಳರದ್ದು ನಡುವೆ ಮರೆತುಹೋಯಿತು. ನಮ್ಮ ಹಸುಗಳ ಹೆಸರು ಹೇಳಿದೆ, ಆರೇ ಸೆಕೆಂಡಿಗೆ ಹಸು ಮುಗಿದವು. ಕೊನೆಗೆ ಇದು ಸರಿಹೋಯಿತು. ಕೈ ಒಳಗಿಟ್ಟು ಎರಡು ಸಲ ಹೇಳು, ಅವಸರ ಮಾಡದೆ:

ದಮಿಯಾನಾ ರೊಸಾಲ್ಬಾ ಅಯಾಲಾ ರೊಲೋನ್, ಎದ್ದೇಳು, ನಿನ್ನ ದೊಡ್ಡಮ್ಮ ಬರ್ತಿದ್ದಾಳೆ.

ಸರಿಯಾಗಿ ಹತ್ತು. ಟೀಚರ್ ಸಾಕ್ಷಿ. ಜ್ಞಾನತಾಯಿ ಆಗಲು ಪಾದ್ರಿ ಬೇಕು, ದೊಡ್ಡಮ್ಮ ಆಗಲು ಯಾರ ಅಪ್ಪಣೆಯೂ ಬೇಡ.

ಪೆತ್ರೋನಾ

೨೨ ಮಾರ್ಚ್. ಚಾಕೊ ರಸ್ತೆ ಮುಚ್ಚಿತ್ತಂತೆ, ಈ ಕಾಗದ ಒಂದು ವಾರದಿಂದ ಬಸ್ ನಿಲ್ದಾಣದ ಮೇಜಿನ ಮೇಲೇ ಬಿದ್ದಿತ್ತು. ಇವತ್ತು ತೆರೆದಿದೆ ಅಂದರು. ಇದು ಇವತ್ತು ಹೊರಡುತ್ತದೆ, ನಾನು ಸೋಮವಾರ ಹೊರಡುತ್ತೇನೆ. ಬಾಳೆ ಎಲೆ ತರುತ್ತೇನೆ. ಬುಧವಾರದ ಒಲೆಯನ್ನು ಯಾರಿಗೂ ಬಿಟ್ಟುಕೊಡಬೇಡ.


ಕಾಸಪಾ
೮ ಏಪ್ರಿಲ್ ೧೯೯೧

ನಿಮಿಯಾ,

ಸುಖವಾಗಿ ತಲುಪಿದೆ. ಎರಡನೇ ಬಸ್ಸಿನಲ್ಲಿ ಪಕ್ಕದವಳು ಕೋಳಿ ಹಿಡಿದು ಕೂತಿದ್ದಳು, ಅದು ದಾರಿಯುದ್ದಕ್ಕೂ ನನ್ನ ಟೋಪಿಯನ್ನು ಕುಕ್ಕಿತು.

ಬುಧವಾರದ ಆ ಗಳಿಗೆ ಬಸ್ಸಿನಲ್ಲಿ ಮತ್ತೆ ಮತ್ತೆ ನೆನಪಾಯಿತು. ಒಲೆಯ ಬಾಯಲ್ಲಿ ಇಬ್ಬರೂ ತೋಳು ಇಟ್ಟೆವು, ನನ್ನದು ಬಲ, ನಿನ್ನದು ಎಡ. ನೀನು ಜೋರಾಗಿ ಮಗಳ ಹೆಸರು ಹೇಳಿದೆ, ನಾನು ಮನಸ್ಸಿನಲ್ಲೇ ನನ್ನ ಪ್ರಾರ್ಥನೆ ಹೇಳಿದೆ. ಒಟ್ಟಿಗೇ ಕೈ ಎಳೆದುಕೊಂಡೆವು. ಕಸಿಲ್ದಾ ಅದನ್ನು ನೋಡಿ, "ಇಬ್ರಿಗೂ ಒಂದೇ ಸಲ ಸುಟ್ತು ನೋಡಿ" ಅಂದಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ನನ್ನ ಹಾಗೆಯೇ. ಅವಳು ನಿನ್ನ ಚೀಪಾ ಮುರಿದು, ತಳ ಬಡಿದು ನೋಡಿ, ತಿಂದು ಎರಡನೆಯದಕ್ಕೆ ಕೈ ಹಾಕಿದಳಲ್ಲ, ಆಗ ನಿನ್ನ ಮುಖ ನೋಡಬೇಕಿತ್ತು.

ಈಸ್ಟರ್ ದಿನ ನಿಮ್ಮ ಸಭೆಯಲ್ಲಿ ಮಗುವನ್ನು ದೇವರಿಗೆ ಒಪ್ಪಿಸುವಾಗ ಯಾರು ಎತ್ತಿಕೊಳ್ಳುತ್ತಾರೆ ಅಂತ ಪಾಸ್ಟರ್ ಕೇಳಿದರಲ್ಲ. ನೀನು ನನ್ನ ಕಡೆ ತಿರುಗುವ ಮೊದಲೇ ಕಸಿಲ್ದಾ ಮಗುವನ್ನು ನನ್ನ ಕೈಗೆ ಹಾಕಿ, "ಹೋಗಿ ಅಕ್ಕಾ, ನಿಲುವಂಗಿ ಹೊಲಿದವ್ರೇ ಎತ್ಕೋಬೇಕು" ಅಂದಳು. ಎತ್ತಿಕೊಂಡು ಮುಂದೆ ಹೋಗಿ ನಿಂತೆ. ತಲೆಗೆ ಒಂದು ಹನಿ ನೀರು ಹಾಕಲಿಲ್ಲ, ಹೊರಗೆ ಮಾತ್ರ ಧೋ ಅಂತ ಸುರಿಯುತ್ತಿತ್ತು. ನಿಲುವಂಗಿಯ ಅಂಚನ್ನು ಬಿಚ್ಚಿ ನೋಡು, ಮಡಿಕೆಯೊಳಗೆ ಗೇಣುದ್ದ ಬಟ್ಟೆ ಬಿಟ್ಟಿದ್ದೇನೆ. ಅವಳು ದೊಡ್ಡವಳಾಗಿ ತಾನೇ ನೀರು ಕೇಳಿದ ದಿನ ಉದ್ದ ಮಾಡಿಕೊಡುತ್ತೇನೆ. ಅಷ್ಟರವರೆಗೆ ನಾನು ಬದುಕಿರುತ್ತೇನೆ.

ಇನ್ನೊಂದು ಮಾತು, ಯಾರಿಗೂ ಹೇಳಬೇಡ. ಮೊನ್ನೆ ಶನಿವಾರ ಇಲ್ಲಿ ಅಮ್ಮನ ಒಲೆ ಕಾಯಿಸಿದೆ. ಮಾಡು ಬೆಳ್ಳಗಾಯಿತು, ಗುಡಿಸಿದೆ, ತೋಳು ಒಳಗಿಟ್ಟೆ. ಮೂವತ್ತು ವರ್ಷದಿಂದ ಹೇಳಿಕೊಂಡು ಬಂದ ನಮೋ ಮರಿಯಾ ಶುರು ಮಾಡಬೇಕು ಅಂತ ಬಾಯಿ ತೆರೆದರೆ, ಬಂದದ್ದು ದಮಿಯಾನಾ ರೊಸಾಲ್ಬಾ ಅಯಾಲಾ ರೊಲೋನ್. ನಡುವೆ ನಿಲ್ಲಿಸಿದರೆ ಅಳತೆ ತಪ್ಪುತ್ತದೆ ಅಂತ ಎರಡು ಸಲವೂ ಪೂರ್ತಿ ಹೇಳಿಬಿಟ್ಟೆ. ಮರಿಯಮ್ಮ ಬೇಜಾರು ಮಾಡಿಕೊಳ್ಳುವುದಿಲ್ಲ, ಅವಳೂ ಮಗು ಎತ್ತಿದವಳೇ.

ಚೀಪಾ ಚೆನ್ನಾಗಿಯೇ ಕೆಂಪಗಾದವು. ನಾಲ್ಕು ಕಳಿಸಿದ್ದೇನೆ, ಒಂದು ಕಸಿಲ್ದಾಗೆ ಕೊಡು.

ಪೆತ್ರೋನಾ